ಐದನೆಯ ಕೊಳಲು

"ನಿಲ್ಲಿಸಿ, ನಿಲ್ಲಿಸಿ, ಎಲ್ಲರೂ ಒಮ್ಮೆ ನಿಲ್ಲಿಸಿ," ಎಂದು ಗ್ಲಾಡ್ವಿನ್ ಕೊಳಲನ್ನು ಬಾಯಿಂದ ತೆಗೆದು ಕೈಯೆತ್ತಿದ.

ಅವನ ಹೆಂಡತಿ ಸ್ಟೆಲ್ಲಾ ನಿಲ್ಲಿಸಿದಳು. ಅಜ್ಮಲ್ ನಿಲ್ಲಿಸಿದ. ಅಕ್ಷಯಾ ನಿಲ್ಲಿಸಿ, ಮುಂದೆ ಏನಾಗುತ್ತದೆಂದು ಗೊತ್ತಿದ್ದವಳ ಹಾಗೆ ಕಣ್ಣು ಮುಚ್ಚಿಕೊಂಡಳು. ಗೋಡೆಯ ಪಕ್ಕದ ಕುರ್ಚಿಯಲ್ಲಿ, ಬಾಗಿದ ಕೊಳವೆಯಿಂದ ಊದುವ ಒನಕೆಯಂಥ ದೊಡ್ಡ ಕೊಳಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದ ಅವಳ ಅಪ್ಪ ಕೊಗ್ಗ ಮಾತ್ರ ಊದುತ್ತಲೇ ಇದ್ದ. ಒಂದೇ ಸ್ವರ, ದೂರದ ಬಂದರಿನಲ್ಲಿ ಹಡಗು ಕೂಗಿದ ಹಾಗೆ. ಅದು ಸೋಫಾದ ಕೆಳಗೆ ಹೋಗಿ, ಷೋಕೇಸಿನ ಗಾಜನ್ನು ಸಣ್ಣಗೆ ನಡುಗಿಸಿ, ಏಸಿಯ ಗುಂಯ್ ಎನ್ನುವ ಸದ್ದಿನ ಜೊತೆ ಸೇರಿಕೊಂಡಿತು.

"ಕೊಗ್ಗಣ್ಣಾ..."

ಕೊಗ್ಗ ಕಣ್ಣು ಬಿಟ್ಟ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ತುಟಿ ತೆಗೆದ. "ಎಂತಾಯ್ತು ಪೊರ್ಬುಗಳೇ? ಸ್ವರ ತಪ್ಪಿತಾ?"

"ಸ್ವರ ಬಂಗಾರದ ಹಾಗೆ ಉಂಟು. ಆದ್ರೆ ಅಲ್ಲಿ ಸ್ವರವೇ ಇಲ್ಲ ಮಾರಾಯ್ರೆ. ಅಲ್ಲಿ ನೀವು ಸುಮ್ನೆ ಕೂತ್ಕೊಳ್ಳುದು."

"ಸುಮ್ನೇ ಕೂತಿದ್ದೆ ಅಲ್ವಾ?"

ಸ್ಟೆಲ್ಲಾ ಕೊಳಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಸುಮ್ನೆ ಕೂತ್ರೆ ಹೀಗೆ, ಇನ್ನು ಗಲಾಟೆ ಮಾಡಿದ್ರೆ ನಮ್ಮ ಗತಿ ಎಂತ ಕೊಗ್ಗಣ್ಣ!"

ಕೊಗ್ಗನೂ ನಕ್ಕ. ಆದರೆ ಎದುರಿನ ಸ್ಟ್ಯಾಂಡಿನಲ್ಲಿದ್ದ ಹಾಳೆ ನೋಡಿ ಅವನ ನಗೆ ಅರ್ಧಕ್ಕೇ ನಿಂತಿತು. ಮಗಳು ಅವನಿಗಾಗಿ ವಿದೇಶೀ ಸಂಗೀತವನ್ನೆಲ್ಲ ಕನ್ನಡದ ಸರಿಗಮದಲ್ಲಿ ಬರೆದುಕೊಟ್ಟಿದ್ದಳು. ನಿಲ್ಲಿಸಬೇಕಾದ ಕಡೆಗಳಲ್ಲಿ ಕೆಂಪು ಪೆನ್ನಿನಿಂದ ಖಾಲಿ ಚೌಕ. ಚೌಕ ಅವನಿಗೆ ಕಾಣುತ್ತಿರಲಿಲ್ಲವೆಂದಲ್ಲ. ಕಣ್ಣು ಚೌಕವನ್ನು ನೋಡುತ್ತಿತ್ತು, ಕೆನ್ನೆ ಮಾತ್ರ ಗಾಳಿ ಬಿಡುತ್ತಲೇ ಇರುತ್ತಿತ್ತು.

"ಪಪ್ಪಾ, ಜಸ್ಟ್ ರೆಸ್ಟ್," ಎಂದಳು ಅಕ್ಷಯಾ ಮೆತ್ತಗೆ. "ನಾಲ್ಕು ಬೀಟ್ ರೆಸ್ಟ್. ಯು ಡೋಂಟ್ ಹ್ಯಾವ್ ಟು ಡೂ ಎನಿಥಿಂಗ್."

"ಅದೇ ಮಗಾ ಕಷ್ಟ," ಎಂದ ಕೊಗ್ಗ.

ಮಸ್ಕತ್ತಿನಲ್ಲಿ, ಅಲ್ ಮವಾಲೇಹಿನ ತರಕಾರಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಗ್ಲಾಡ್ವಿನ್ನನ ಬಾಡಿಗೆ ಮನೆ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅಜ್ಮಲ್ ಬಂದ ಮೇಲೆ ಅಲ್ಲಿ ಐವರು ಸೇರುತ್ತಿದ್ದರು. ಐದು ಕೊಳಲುಗಳಿಗೆಂದೇ ಬರೆದ ಸಂಗೀತ ಅದು. ಗ್ಲಾಡ್ವಿನ್ ಅದನ್ನು ತಮ್ಮ ಕೈಗೆ ಎಟಕುವ ಹಾಗೆ ಅಲ್ಲಲ್ಲಿ ಕತ್ತರಿಸಿ ಹೊಲಿದಿದ್ದ. ಐದನೆಯ ಕೊಳಲನ್ನು ಊದುತ್ತಿದ್ದ ಡಚ್ ಎಂಜಿನಿಯರ್ ಕೆಲಸ ಮುಗಿಸಿ ಊರಿಗೆ ಹೋಗುವಾಗ ವಾದ್ಯವನ್ನು ಇಲ್ಲೇ ಬಿಟ್ಟುಹೋದ. ಆಗ "ನನ್ನ ಪಪ್ಪ ಇದ್ದಾರಲ್ಲ, ಚಿಕ್ಕಂದಿನಲ್ಲಿ ದೇವಸ್ಥಾನದಲ್ಲಿ ಊದ್ತಿದ್ದವರು," ಎಂದು ಹಟ ಹಿಡಿದವಳು ಅಕ್ಷಯಾ. ಅವಳಿಗೆ ದೂರದ ಗಡಿ ಊರು ಬುರೈಮಿಯ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ ಸಿಕ್ಕಿತ್ತು. ಜನವರಿಗೆ ಹೋಗಬೇಕು. ಹೋಗುವ ಮೊದಲು ಕ್ರಿಸ್ಮಸ್ಸಿನ ಹೊತ್ತಿಗೆ ಗ್ಲಾಡ್ವಿನ್ನನ ಅಂಗಳದಲ್ಲಿ ನಾಲ್ಕು ಜನರನ್ನು ಕರೆದು ಊದುವುದು, ಅಪ್ಪ ಮಗಳು ಒಟ್ಟಿಗೆ ಕೂತು ಒಮ್ಮೆ ಊದುವುದು. ಅವಳು ಕೇಳಿದ್ದು ಇಷ್ಟೇ. ಕೊಗ್ಗ ಆಗ "ನೋಡುವ" ಎಂದಿದ್ದ. ಈಗ ಅವನಿಗೂ ಅದರ ಹೊರತು ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಸ್ಟೆಲ್ಲಾ ನೀರುಳ್ಳಿ ಬಜೆ ತಂದಿಟ್ಟಳು. ಫ್ಲಾಸ್ಕಿನಿಂದ ಕಡಕ್ ಚಾ ಬಗ್ಗಿಸುತ್ತ ಗ್ಲಾಡ್ವಿನ್ ತನ್ನ ಪ್ರೀತಿಯ ಕತೆ ತೆಗೆದ. ಈ ಸಂಗೀತ ಬರೆದವನ ಹೆಸರು ಬ್ವಾಮೊರ್ತಿಯೇ. ಫ್ರಾನ್ಸಿನವನು, ಮುನ್ನೂರು ವರ್ಷ ಹಿಂದಿನವನು. ಆ ಹೆಸರು ಕೊಗ್ಗನ ಬಾಯಲ್ಲಿ ಮೊದಲ ದಿನವೇ 'ಬೊಮ್ಮಣ್ಣ' ಆಗಿಬಿಟ್ಟಿತ್ತು.

"ಆ ಕಾಲದಲ್ಲಿ ಸಂಗೀತದವ್ರು ಎಲ್ರೂ ಯಾರಾದ್ರೂ ರಾಜನ ಕೈ ಕೆಳಗೆ, ಇಲ್ಲದಿದ್ರೆ ಬಿಷಪ್ಪರ ಕೈ ಕೆಳಗೆ," ಎಂದ ಗ್ಲಾಡ್ವಿನ್. "ಅವ್ರು ಹೇಳಿದಾಗ ಬರೀಬೇಕು, ಅವ್ರು ಬಿಟ್ರೆ ಮಾತ್ರ ಬೇರೆ ಊರಿಗೆ ಹೋಗ್ಬಹುದು. ಇವನೊಬ್ಬ ಯಾರ ಕೈ ಕೆಳಗೂ ಇರ್ಲಿಲ್ಲ."

"ಅಂದ್ರೆ ವೀಸಾ ಕೊಟ್ಟು ಹಿಡಿದಿಡ್ಲಿಕ್ಕೆ ಕಫೀಲ್ ಇಲ್ಲದ ಮನುಷ್ಯ!" ಎಂದ ಅಜ್ಮಲ್. ಬಾಯಲ್ಲಿದ್ದ ಬಜೆ ಬಿಸಿಯಾಗಿ ಅವನ ಕಣ್ಣಲ್ಲಿ ನೀರು ಬಂದಿತ್ತು. "ವೀಸಾ ಹೇಗೆ ಸಿಕ್ಕಿತು ಮಾರಾಯ್ರೆ?"

"ಕೇಳಿ. ಮೊದ್ಲು ಗಡಿ ಹತ್ತಿರದ ಒಂದು ಊರಲ್ಲಿ ಹೊಗೆಸೊಪ್ಪಿನ ಸುಂಕ ವಸೂಲಿಯ ಆಫೀಸಲ್ಲಿ ಕೆಲ್ಸ. ವರ್ಷಗಟ್ಟಲೆ. ಆಮೇಲೆ ಪ್ಯಾರಿಸ್ಸಿಗೆ ಬಂದು, ಅಚ್ಚು ಹಾಕ್ಲಿಕ್ಕೆ ಲೈಸೆನ್ಸ್ ತೆಗ್ದು, ತಾನೇ ಬರ್ದು ತಾನೇ ಮಾರಿದ. ಯಾರಿಗೆ? ನಮ್ಮಂಥವ್ರಿಗೆ. ಮನೆಯಲ್ಲಿ ಕೂತು ಊದುವವ್ರಿಗೆ. ದೊಡ್ಡವ್ರೆಲ್ಲ ತಮಾಷೆ ಮಾಡಿದ್ರಂತೆ, ಇದೆಂತ ಸಂಗೀತ, ದಿನಕ್ಕೊಂದು ಪುಸ್ತಕ ಅಂತ. ಅವನು ಎಂತ ಹೇಳಿದ ಗೊತ್ತುಂಟಾ? ನಾನು ದುಡೀತಾ ಇದ್ದೇನೆ ಅಂತ. ಅಷ್ಟೇ."

"ನಮ್ಮವನೇ," ಎಂದ ಕೊಗ್ಗ ಸಮಾಧಾನದಿಂದ. ಹೊಗೆಸೊಪ್ಪಿನ ಮೂಟೆಗಳ ನಡುವೆ ಕೂತು ಮನಸ್ಸಿನಲ್ಲೇ ಕೊಳಲು ಊದುತ್ತಿರುವ ಒಬ್ಬ ಬೋಳುತಲೆಯ ಮನುಷ್ಯ ಅವನ ಕಣ್ಣಿಗೆ ಬಂದ. ಘಾಲಾದ ಗ್ಯಾರೇಜಿನ ಸ್ಟೋರಿನಲ್ಲಿ ಆಯಿಲ್ ಫಿಲ್ಟರುಗಳ ನಡುವೆ ತಾನು ಕೆಲಸಕ್ಕೆ ಕೂತ ಹಾಗೆಯೇ.

"ಒಂದು ಚೀಲದ ವಾದ್ಯಕ್ಕೂ ಬರ್ದಿದ್ದಾನೆ. ಅದ್ರಲ್ಲಿ ನಿಮ್ಮ ಹಾಗೆ ಒಂದೇ ಸ್ವರ ಕೊನೇವರೆಗೆ ಹಿಡಿಯುದುಂಟು," ಎಂದು ಗ್ಲಾಡ್ವಿನ್ ಸಮಾಧಾನ ಹೇಳಿದ. ಆಮೇಲೆ ಚಾದ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ, ದನಿ ತಗ್ಗಿಸಿದ. "ಆದ್ರೆ ಇದು ಹಾಗಲ್ಲ ಕೊಗ್ಗಣ್ಣ. ಇದ್ರಲ್ಲಿ ಐದು ಜನಕ್ಕೂ ಸರಿ ಪಾಲು. ಒಬ್ರು ಮಾತಾಡುವಾಗ ಇನ್ನೊಬ್ರು ಕೇಳ್ಬೇಕು. ನೀವು ನಿಲ್ಲಿಸದಿದ್ರೆ, ಮೇಲಿನ ಸ್ವರ ಬೇರೆ ಮನೆಗೆ ಹೋಗುವಾಗ ನಿಮ್ಮದು ಹಳೇ ಮನೆಯಲ್ಲೇ ಇರ್ತದೆ. ಕಚ್ಚಾಡ್ತದೆ. ಬರುವ ಶುಕ್ರವಾರ ಒಂದು ನೋಡುವ. ಆಗದಿದ್ರೆ ನಿಮ್ಮ ಪಾಲು ನಾನು ಕೀಬೋರ್ಡಲ್ಲಿ ಹಾಕ್ತೇನೆ. ಬೇಜಾರು ಮಾಡ್ಬೇಡಿ."

"ಬೇಜಾರು ಎಂತದು," ಎಂದ ಕೊಗ್ಗ. ಅಕ್ಷಯಾ ಬಜೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಪುಡಿ ಮಾಡುತ್ತಿದ್ದಳು.

ಮಾತು ಬದಲಿಸಲೆಂದು ಸ್ಟೆಲ್ಲಾ ಕೇಳಿದಳು, "ಅಲ್ಲ, ನಿಮ್ಮ ಅಣ್ಣ ಒಳ್ಳೇ ನಾಗಸ್ವರ ಅಂತೆ ಅಲ್ವಾ? ಯಾವ ರಾಗ ಜಾಸ್ತಿ ಊದ್ತಿದ್ರು?"

ಕೊಗ್ಗ ಹೇಳಲು ಬಾಯಿ ತೆರೆದ. ಆಮೇಲೆ ಚಾದ ಕಪ್ಪು ಕೆಳಗಿಟ್ಟು, "ನನ್ಗೆ ಸರಿ ಗೊತ್ತಿಲ್ಲ ಬಾಯಮ್ಮ," ಎಂದ. "ನನ್ನ ಕಿವಿ ತುಂಬ ನನ್ನದೇ ಇರ್ತಿತ್ತು."

*

ದೇವಸ್ಥಾನದ ವಾದ್ಯದ ಮನೆ ಅವರದು. ಅಣ್ಣನಿಗೆ ನಾಗಸ್ವರ, ತಮ್ಮನಿಗೆ ಶ್ರುತಿ ಎಂದು ಅಪ್ಪ ಮೊದಲೇ ಪಾಲು ಮಾಡಿಬಿಟ್ಟಿದ್ದರು. ಶ್ರುತಿಯ ವಾದ್ಯವೂ ನೋಡಲು ನಾಗಸ್ವರದಂತೆಯೇ, ಆದರೆ ಅದಕ್ಕೆ ಒಂದೇ ಸ್ವರ. ತೂತುಗಳಿಗೆ ಮೇಣ ಮೆತ್ತಿ ಆ ಸ್ವರವನ್ನು ಕೂರಿಸುವುದು. ಊದುವುದನ್ನು ಕಲಿಸಲು ಅಪ್ಪ ಕೊಡಪಾನದ ನೀರಿಗೆ ಪಪ್ಪಾಯಿ ದಂಟು ಹಾಕಿ ಕೊಡುತ್ತಿದ್ದರು. ಗುಳ್ಳೆ ಏಳುವುದು ನಿಲ್ಲಬಾರದು. ಕೆನ್ನೆಯಲ್ಲಿದ್ದ ಗಾಳಿ ಹೊರಗೆ ಹೋಗುತ್ತಿರುವಾಗಲೇ ಮೂಗು ಹೊಸ ಗಾಳಿಯನ್ನು ಒಳಗೆ ತರಬೇಕು. ಗುಳ್ಳೆ ನಿಂತರೆ ಕಿವಿ ಹಿಂಡು.

ಬಲಿ ಉತ್ಸವದ ಹೊತ್ತಿಗೆ ಭಟ್ಟರು ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತು, ವಾದ್ಯಕ್ಕೆ ತಕ್ಕ ಹೆಜ್ಜೆ ಹಾಕುತ್ತ ದೇವಸ್ಥಾನದ ಅಂಗಳಕ್ಕೆ ಸುತ್ತು ಬರುತ್ತಾರೆ. ಅಪ್ಪ ಹೇಳುತ್ತಿದ್ದರು: "ದೇವರು ನಡೆಯುದು ನೆಲದ ಮೇಲೆ ಅಲ್ಲ ಮಗಾ. ನಿನ್ನ ಶ್ರುತಿಯ ಮೇಲೆ. ಅದು ಕಡಿದ್ರೆ ಅವ್ರು ಕಾಲಿಡುದು ಎಲ್ಲಿ?"

ಒಮ್ಮೆ ಕಡಿದಿತ್ತು. ದೀವಟಿಗೆಯ ಹೊಗೆ ಗಂಟಲಿಗೆ ಹೊಕ್ಕು ಕೊಗ್ಗನಿಗೆ ಕೆಮ್ಮು ಬಂತು. ಶ್ರುತಿ ನಿಂತೇ ಹೋಯಿತು. ಮರುಕ್ಷಣದಲ್ಲಿ ಅಣ್ಣ, ರಾಗದ ನಡುವೆ ಎಲ್ಲಿದ್ದನೋ ಅಲ್ಲಿಂದ ಇಳಿದು ಬಂದು ತಮ್ಮನ ಸ್ವರದ ಮೇಲೆ ನಿಂತ. ನಾಗಸ್ವರದವನು ಶ್ರುತಿಯಾದ. ಕೊಗ್ಗ ಕೆಮ್ಮಿ, ಕಣ್ಣೊರೆಸಿ, ವಾದ್ಯದ ತುದಿಯ ಸೀವಾಳಿಯನ್ನು ಮತ್ತೆ ತುಟಿಗಿಟ್ಟು ಸ್ವರ ಹಿಡಿಯುವ ತನಕ ಅಣ್ಣ ಅಲ್ಲಿಂದ ಕದಲಲಿಲ್ಲ. ದೇವರ ಹೆಜ್ಜೆ ತಪ್ಪಲಿಲ್ಲ, ಜನರಿಗೆ ಗೊತ್ತೇ ಆಗಲಿಲ್ಲ. ಈ ಕತೆಯನ್ನು ಅಕ್ಷಯಾ ಚಿಕ್ಕವಳಿದ್ದಾಗ ಊಟ ಮಾಡದೆ ಹಟ ಮಾಡಿದರೆ ಕೊಗ್ಗ ಹೇಳುತ್ತಿದ್ದ. ಕೆಮ್ಮುವ ಕಡೆ ಅವನು ನಿಜವಾಗಿ ಕೆಮ್ಮಬೇಕು. ಅಣ್ಣ ಸ್ವರ ಹಿಡಿದು ನಿಲ್ಲುವ ಕಡೆ ಅವಳು ತುತ್ತು ತುಂಬಿದ ಬಾಯಲ್ಲೇ "ಊಂ..." ಎಂದು ಹಿಡಿಯುತ್ತಿದ್ದಳು.

ಕೊಗ್ಗ ಮಸ್ಕತ್ತಿಗೆ ಬಂದ ಮೇಲೆ ದೇವಸ್ಥಾನಕ್ಕೆ ಕರೆಂಟಿನ ಶ್ರುತಿ ಪೆಟ್ಟಿಗೆ ಬಂತು. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಪೆಟ್ಟಿಗೆಗೆ ಕೆಮ್ಮು ಬರುವುದಿಲ್ಲವಲ್ಲ ಎಂದು ನಿಶ್ಚಿಂತೆಯಾಗಿದ್ದ.

*

ಭಾನುವಾರ ಘಾಲಾದಲ್ಲಿ ವಾರದ ಮೊದಲ ದಿನ. ಊಟದ ಬಿಡುವಿನಲ್ಲಿ ಕೊಗ್ಗ ಸ್ಟೋರಿನ ಬಾಗಿಲು ಮುಂದೆ ಮಾಡಿ, ಬ್ರೇಕ್ ಪ್ಯಾಡುಗಳ ರ್ಯಾಕಿನ ಹಿಂದೆ ಕೂತು ದೊಡ್ಡ ಕೊಳಲನ್ನು ಜೋಡಿಸಿದ. ಈ ವಾದ್ಯದ ಗುಣವೇ ಬೇರೆ. ಶ್ರುತಿಯ ಸೀವಾಳಿ ಗಾಳಿಯನ್ನು ಬಿಗಿಹಿಡಿದು ಕೇಳುತ್ತಿತ್ತು, ಇದು ಬಾವಿಯ ಹಾಗೆ ನುಂಗುತ್ತದೆ. ಕೆನ್ನೆಯ ವಿದ್ಯೆ ಇಲ್ಲಿ ಅರೆಬರೆ ನಡೆಯುತ್ತದಷ್ಟೆ. ಆದರೂ ಬಿಡಲು ಮನಸ್ಸು ಬರುವುದಿಲ್ಲ. ಹಾಳೆಯನ್ನು ಟಯರಿಗೆ ಒರಗಿಸಿ ಊದಿದ. ಕೆಂಪು ಚೌಕ ಬಂತು. ಚೌಕದ ಮೇಲೆಯೇ ದಾಟಿಹೋದ.

"ಯಲ್ಲಾ ಕೊಗ್ಗಣ್ಣ, ಹಡಗು ಯಾವ ಬಂದರಿಗೆ?" ಎಂದು ಅಜ್ಮಲ್ ಬಾಗಿಲಲ್ಲಿ ತಲೆ ಹಾಕಿದ. ಪಕ್ಕದ ಟಯರ್ ಅಂಗಡಿ ಅವನದು.

"ನಿಮ್ಮ ಉಳ್ಳಾಲಕ್ಕೇ. ಹತ್ತಿ."

"ಬೇಡಪ್ಪ. ನಿಮ್ಮ ಹಡಗು ಉಳ್ಳಾಲಕ್ಕೆ ಮುಟ್ಟಿದ್ರೂ ನಿಲ್ಲುದಿಲ್ಲ. ಸೀದಾ ಕೊಚ್ಚಿಗೆ ಹೋಗ್ತದೆ." ಅಜ್ಮಲ್ ಒಂದು ಖಾಲಿ ಆಯಿಲ್ ಡಬ್ಬದ ಮೇಲೆ ಕೂತ. "ಒಂದು ಕೆಲ್ಸ ಮಾಡುವ. ಚೌಕ ಬಂದಾಗ ನಾನು ಕಾಲು ತುಳೀತೇನೆ."

"ನಿಮ್ಮ ಸೇಫ್ಟಿ ಶೂಸಲ್ಲಾ? ಖಲಾಸ್. ಮತ್ತೆ ಊದುದೂ ಇಲ್ಲ, ನಡೆಯುದೂ ಇಲ್ಲ."

ಇಬ್ಬರೂ ನಗುತ್ತಿರುವಾಗ ಹಿಂದಿನ ಬೀದಿಯ ಮಸೀದಿಯಿಂದ ಬಾಂಗ್ ಎದ್ದಿತು. ಅಜ್ಮಲ್ ಮಾತು ನಿಲ್ಲಿಸಿದ. ಕೊಗ್ಗನೂ ವಾಡಿಕೆಯಂತೆ ಕೊಳಲನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ ಕೂತ. ಈ ಊರಿಗೆ ಬಂದಂದಿನಿಂದ ಕೇಳಿದ ದನಿ. ಕರೆ ಮೇಲೆ ಹೋಗುತ್ತದೆ, ತೂಗುತ್ತದೆ, ನಿಲ್ಲುತ್ತದೆ. ಮತ್ತೆ ಶುರುವಾಗುತ್ತದೆ. ಇವತ್ತು ಹತ್ತಿರ ಕೂತಿದ್ದರಿಂದಲೋ ಏನೋ, ಕರೆ ನಿಂತಾಗಲೆಲ್ಲ ಅಜ್ಮಲ್ಲನ ತುಟಿ ಅಲ್ಲಾಡುವುದು ಕೊಗ್ಗನ ಕಣ್ಣಿಗೆ ಬಿತ್ತು. ಅಲ್ಲಿ ನಿಂತರೆ ಇಲ್ಲಿ ತುಟಿ. ಇಲ್ಲಿ ಮುಗಿದರೆ ಅಲ್ಲಿ ದನಿ.

ಬಾಂಗ್ ಮುಗಿದ ಮೇಲೆ ಕೇಳಿದ, "ನಡುನಡುವೆ ಎಂತ ಹೇಳಿದ್ದು ನೀವು?"

"ಅವ್ರು ಹೇಳಿದ್ದನ್ನೇ. ಕೇಳಿದವ್ರು ತಿರುಗಿ ಹೇಳ್ಬೇಕು."

"ನಾನು ಇಷ್ಟು ದಿನ ಅವ್ರು ಉಸಿರಿಗೆ ನಿಲ್ಲಿಸುದು ಅಂತ ಮಾಡಿದ್ದೆ."

"ಉಸಿರೂ ತಗೊಳ್ತಾರೆ ಇರ್ಬಹುದು," ಎಂದು ಅಜ್ಮಲ್ ಎದ್ದು ಪ್ಯಾಂಟಿನ ಧೂಳು ಕೊಡವಿದ. "ಆದ್ರೆ ಅದು ನಮ್ಗೆ ಬಿಟ್ಟ ಜಾಗ ಕೊಗ್ಗಣ್ಣ. ಅವ್ರು ನಿಲ್ಲಿಸದಿದ್ರೆ ನಾವು ಯಾವಾಗ ಹೇಳುದು?" ಅವನು ನಮಾಜಿಗೆ ಹೋದ.

ಕೊಗ್ಗ ಕೊಳಲನ್ನು ಮತ್ತೆ ಎತ್ತಲಿಲ್ಲ. ರ್ಯಾಕಿನ ಹಿಂದೆ ಹಾಗೆಯೇ ಕೂತ. ಹೊರಗೆ ಯಾರೋ ನಟ್ಟು ಬಿಚ್ಚುತ್ತಿದ್ದರು. ಸ್ಪ್ಯಾನರಿನ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಸ್ಪ್ಯಾನರಿನ ಸದ್ದು.

*

ಸಂಜೆ ಕೊಗ್ಗನ ಹೆಂಡತಿ ವಾರಿಜಾಕ್ಷಿ ಬಾಲ್ಕನಿಯ ಕುಂಡದ ಬಸಳೆ ಕೊಯ್ದು ಬಂದು, ಕೈಕಾಲು ತೊಳೆದು, ದೀಪ ಹಚ್ಚಿದಳು. ದೀಪದ ಎದುರು ಪುರಾಣದ ಪದ್ಯ ಓದುವುದು ಅವಳಿಗೆ ತವರಿನಿಂದ ಬಂದ ಅಭ್ಯಾಸ. ಅವಳ ಅಪ್ಪ ಊರಿನ ಮಳೆಗಾಲದ ಸಂಜೆಗಳಲ್ಲಿ ಜಗಲಿಯಲ್ಲಿ ಕೂತು ಓದುತ್ತಿದ್ದರು. ಪುಸ್ತಕ ಎದುರಿಗಿದ್ದರೂ ವಾರಿಜಾಕ್ಷಿ ಪುಟ ತಿರುಗಿಸುವುದು ಮರ್ಯಾದೆಗೆ ಮಾತ್ರ, ಪದ್ಯವೆಲ್ಲ ಬಾಯಲ್ಲೇ ಇತ್ತು. ಅವಳು ಓದಲು ಕೂತ ಕೂಡಲೇ ಕೊಗ್ಗ ಮೊಬೈಲಿನಲ್ಲಿ ಶ್ರುತಿ ಹಾಕಿಕೊಡುವುದೂ ಮದುವೆಯಾದಂದಿನ ಅಭ್ಯಾಸವೇ. ಮೊದಲು ಪೆಟ್ಟಿಗೆ ಇತ್ತು, ಈಗ ಮೊಬೈಲು.

ಇವತ್ತು ಅವನು ಮೊಬೈಲ್ ತೆಗೆಯಲಿಲ್ಲ. "ಒಂದು ಕೇಳ್ತೇನೆ. ನೀನು ಸಾಲಿನ ಕೊನೆಗೆ ನಿಲ್ಲಿಸುದು ಉಸಿರಿಗಾ?"

"ಉಸಿರಿಗೆ ನಿಲ್ಲಿಸಿದ್ರೆ ಅಪ್ಪ ಮಂಡೆಗೆ ಕುಟ್ತಿದ್ರು," ಎಂದಳು. "ಪದ್ಯ ನಿಲ್ಲುವಲ್ಲಿ ನಿಲ್ಲಿಸುದು. ಉಸಿರು ಆಗ ತನ್ನಷ್ಟಕ್ಕೇ ಬರ್ತದೆ. ಆ ನಿಲ್ಲಿಸಿದ್ದೂ ಪದ್ಯದ್ದೇ ಲೆಕ್ಕ. ಅಜ್ಜಿ ಅಲ್ಲಿ 'ಹ್ಞೂಂ' ಅಂತಿದ್ರು. ಅಜ್ಜಿ ಹ್ಞೂಂ ಅನ್ನದಿದ್ರೆ ಅಪ್ಪ ಮುಂದಿನ ಸಾಲು ತೆಗೀತಿರ್ಲಿಲ್ಲ."

"ಹಾಗಾದ್ರೆ ನೀನು ಓದು. ನಾನು ಜೊತೆಗೆ ಊದ್ತೇನೆ. ನೀನು ನಿಲ್ಲಿಸಿದಲ್ಲಿ ನಾನೂ ನಿಲ್ಲಿಸ್ತೇನೆ."

ಅವಳು ಓದಿದಳು. ಮೊದಲ ಸಾಲು ಮುಗಿಯಿತು. ಅವಳು ನಿಂತಳು, ಅವನು ನಿಲ್ಲಲಿಲ್ಲ. ಎರಡನೆಯ ಸಾಲಿಗೆ ಅವನ ಮೊಣಕಾಲಿಗೆ ಒಂದು ಪೆಟ್ಟು ಬಿತ್ತು. ಮೂರನೆಯದಕ್ಕೆ ಅವಳು ಪುಸ್ತಕವನ್ನೇ ಮುಚ್ಚಿ "ಉಂತಾಲೆ ಮಾರಾಯ್ರೆ!" ಎಂದು, ನಿಲ್ಲಿಸಿ ಎನ್ನುವುದನ್ನು ತುಳುವಿನಲ್ಲಿ ಗದರಿದಳು. ಅವಳಿಗೆ ಸಿಟ್ಟು ಬಂದರೆ ತುಳುವೇ. ಕೆಳಗಿನ ಮನೆಯವರು ಸೂರಿಗೆ ಪೊರಕೆಯಿಂದ ಕುಟ್ಟಿದ ಸದ್ದೂ ಅದೇ ಹೊತ್ತಿಗೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ತಡೆದರು.

"ಅಲ್ಲ, ನಿಮ್ಗೆ ಹೆದರಿಕೆಯಾ?" ಎಂದಳು ವಾರಿಜಾಕ್ಷಿ, ಸ್ವಲ್ಪ ತಣ್ಣಗಾಗಿ.

"ಹೆದರಿಕೆ ಅಂತ ಅಲ್ಲ." ಕೊಗ್ಗ ವಾದ್ಯದ ಬಾಗಿದ ಲೋಹದ ಕೊಳವೆಯನ್ನು ಬೆರಳಿನಿಂದ ಒರೆಸಿದ. "ನಿಲ್ಲಿಸಿದ ಕೂಡ್ಲೆ ಯಾರೋ ಎಡವಿ ಬಿದ್ದ ಹಾಗಾಗ್ತದೆ."

"ಯಾರು? ದೇವರಾ?"

ಕೊಗ್ಗ ದೀಪದ ಕಡೆ ನೋಡಿದ.

ವಾರಿಜಾಕ್ಷಿ ದೀಪದ ಬತ್ತಿಯನ್ನು ಮುಂದೆ ಮಾಡಿದಳು. ಎಣ್ಣೆಯ ಬೆರಳನ್ನು ತಲೆಗೆ ಒರೆಸಿಕೊಂಡಳು. "ಊರು ಬಿಟ್ಟು ಬಂದು ಇಷ್ಟು ವರ್ಷ ಆಯ್ತು. ನೀವು ರಾತ್ರಿ ನಿದ್ದೆ ಮಾಡ್ತೀರಿ, ಗೊರಕೆಯೂ ಹೊಡೀತೀರಿ. ಆಗೆಲ್ಲ ಅವ್ರು ಬಿದ್ದಿದ್ದಾರಾ?"

"ಇಲ್ಲ."

"ಅವ್ರಿಗೆ ಕಾಲು ಉಂಟು. ನೀವು ಮಗಳ ಜೊತೆ ಊದ್ಬೇಕೋ ಬೇಡ್ವೋ, ಅದನ್ನು ನೋಡಿ." ಅವಳು ಪುಸ್ತಕ ತೆರೆದು ಮೊದಲ ಸಾಲನ್ನು ಮತ್ತೆ ಎತ್ತಿಕೊಂಡಳು.

ಸಾಲು ತೂಗುತ್ತ ಹೋಗಿ ಕೊನೆ ಮುಟ್ಟಿತು. ಕೊಗ್ಗ ಕಣ್ಣು ಬಿಗಿಯಾಗಿ ಮುಚ್ಚಿ, ಬಾವಿಯ ಕಟ್ಟೆಯಿಂದ ಕಾಲು ಇಳಿಬಿಟ್ಟವನ ಹಾಗೆ, ತುಟಿಯನ್ನು ವಾದ್ಯದಿಂದ ತೆಗೆದ. ಯಾರೂ ಬೀಳಲಿಲ್ಲ. ಅಡುಗೆಮನೆಯಲ್ಲಿ ಬಸಳೆಯ ಪಾತ್ರೆಯ ಮುಚ್ಚಳ ಅಲುಗಿತು. ಕೆಳಗೆ ಒಂದು ಕಾರು ಹಿಂದೆ ತೆಗೆಯುವಾಗಿನ ಟೀಂ ಟೀಂ ಕೇಳಿತು. ಅವನು "ಹ್ಞೂಂ" ಎಂದ. ವಾರಿಜಾಕ್ಷಿ ಮುಂದಿನ ಸಾಲು ತೆಗೆದಳು.

ವಾರವಿಡೀ ಹೀಗೇ ನಡೆಯಿತು. ಕೆಳಗಿನವರ ಪೊರಕೆಗೂ ಅಭ್ಯಾಸವಾಗಿ ಹೋಯಿತು.

*

ಶುಕ್ರವಾರ ಗ್ಲಾಡ್ವಿನ್ ಕೀಬೋರ್ಡನ್ನು ಹೊರಗೆ ತೆಗೆದು, ವೈರು ಸಿಕ್ಕಿಸಿ, ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದ. ಯಾರೂ ಅದರ ಕಡೆ ನೋಡಲಿಲ್ಲ, ಎಲ್ಲರಿಗೂ ಅದು ಕಾಣುತ್ತಿತ್ತು. ಮೊದಲ ಕೆಂಪು ಚೌಕ ಬಂದಾಗ ಕೊಗ್ಗ ನಿಲ್ಲಿಸಿದ. ಸ್ವಲ್ಪ ತಡವಾಗಿಯೇ, ಬ್ರೇಕು ಹಾಕಿದ ಲಾರಿಯ ಹಾಗೆ ಒಂದಿಷ್ಟು ಮುಂದೆ ಹೋಗಿ. ಎರಡನೆಯದಕ್ಕೆ ಸರಿಯಾಗಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ "ಹ್ಞೂಂ" ಎಂದುಬಿಟ್ಟ.

ಸ್ಟೆಲ್ಲಾ ನಕ್ಕು ಊದಲಾಗದೆ ಕೊಳಲು ಕೆಳಗಿಟ್ಟಳು. "ಇದೆಂತ ಕೊಗ್ಗಣ್ಣ, ಕತೆ ಕೇಳುದಾ?"

"ಒಳಗಿಂದೊಳಗೇ ಹೇಳ್ಕೊಳ್ಳಿ ಮಾರಾಯ್ರೆ," ಎಂದ ಗ್ಲಾಡ್ವಿನ್. ಆದರೆ ಅವನ ಮುಖ ಅರಳಿತ್ತು. ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ಅವನು ಕೀಬೋರ್ಡಿನ ವೈರನ್ನು ಮೊಣಕೈಗೆ ಸುತ್ತಿ ಸುತ್ತಿ ಕಪಾಟಿನೊಳಗೆ ಇಡುತ್ತಿದ್ದ. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಷಯಾ ಅಪ್ಪನ ಭುಜಕ್ಕೆ ತಲೆಯಿಂದ ಒಂದು ಡಿಕ್ಕಿ ಹೊಡೆದು, ಮತ್ತೆ ನೆಟ್ಟಗೆ ಕೂತಳು.

ಡಿಸೆಂಬರಿನ ಸಂಜೆ ಗ್ಲಾಡ್ವಿನ್ನನ ಅಂಗಳಕ್ಕೆ ಜನ ಬಂದರು. ಸ್ಟೆಲ್ಲಾಳ ಆಸ್ಪತ್ರೆಯ ನರ್ಸುಗಳು, ಚರ್ಚಿನ ಕೆಲವರು, ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್ಕುಗಳು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅಜ್ಮಲ್ಲನ ಹೆಂಡತಿ ಮಾಜಿದಾ ಒಂದು ದೊಡ್ಡ ಡಬ್ಬ ತುಂಬ ತುಪ್ಪದ ತಿಂಡಿ ಹಿಡಿದುಕೊಂಡು. ಕೆಳಗಿನ ಮನೆಯವರನ್ನೂ ವಾರಿಜಾಕ್ಷಿ ಒತ್ತಾಯದಿಂದ ಕರೆತಂದಿದ್ದಳು, "ಇಷ್ಟು ದಿನ ಅರ್ಧ ಕೇಳಿದ್ದೀರಿ, ಪೂರ್ತಿ ಕೇಳಿ ಬನ್ನಿ," ಎಂದು. ಮುಸ್ಸಂಜೆಯ ಮಗ್ರಿಬಿನ ಬಾಂಗ್ ಆಗಿ, ಅಜ್ಮಲ್ ನಮಾಜು ಮುಗಿಸಿ ಬಂದ. ಖರ್ಜೂರದ ಮರಕ್ಕೆ ಸುತ್ತಿದ ಬಣ್ಣದ ದೀಪಗಳು ಹತ್ತಿಕೊಂಡವು. ಚಳಿಗಾಲವಾದ್ದರಿಂದ ಬೀದಿಯ ಯಾವ ಮನೆಯಲ್ಲೂ ಏಸಿ ಇರಲಿಲ್ಲ. ಇಡೀ ಬೀದಿಯೇ ಉಸಿರು ಹಿಡಿದು ಕೂತ ಹಾಗಿತ್ತು.

ಗ್ಲಾಡ್ವಿನ್ ನಾಲ್ಕು ಮಾತಿನಲ್ಲಿ ಬೊಮ್ಮಣ್ಣನ ಕತೆ ಹೇಳಿದ. ಕಫೀಲ್ ಇಲ್ಲದವನು ಎಂದಾಗ ಮೆಕ್ಯಾನಿಕ್ಕುಗಳು ಜೋರಾಗಿ ಚಪ್ಪಾಳೆ ತಟ್ಟಿದರು.

ಮೊದಲ ಭಾಗ ಚುರುಕಿನದು. ಐದು ಕೊಳಲುಗಳು ಮಾರ್ಕೆಟ್ಟಿನಲ್ಲಿ ಎದುರುಬದುರು ಸಿಕ್ಕವರ ಹಾಗೆ ಒಬ್ಬರ ಮಾತನ್ನೊಬ್ಬರು ಕಸಿದು ಆಡಿಕೊಂಡವು. ಕೊಗ್ಗ ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ, ಒಳಗಿಂದೊಳಗೇ ಹ್ಞೂಂಗುಟ್ಟಿದ, ಹೊರಡಬೇಕಾದಲ್ಲಿ ಹೊರಟ. ಆಮೇಲೆ ನಿಧಾನದ ಭಾಗ ಬಂತು. ಅದರ ನಡುವೆ, ಗ್ಲಾಡ್ವಿನ್ ಹೊಲಿದ ಪ್ರಕಾರ, ಒಂದೊಂದೇ ಕೊಳಲು ಸುಮ್ಮನಾಗುತ್ತ ಬಂದು ಅಕ್ಷಯಾಳದ್ದೊಂದೇ ಉಳಿಯುತ್ತದೆ. ಅವಳು ಸಾಲು ಮುಗಿಸುವಾಗ ಕೆಳಗಿನಿಂದ ಐದನೆಯದು ಬಂದು ಸೇರಬೇಕು, ಅದರ ಬೆನ್ನಿಗೆ ಉಳಿದ ಮೂವರು.

ಕೊಗ್ಗ ತುಟಿಯನ್ನು ವಾದ್ಯದಿಂದ ತೆಗೆದ. ಕೆಂಪು ಚೌಕ.

ಸ್ಟೆಲ್ಲಾ ನಿಲ್ಲಿಸಿದಳು, ಅಜ್ಮಲ್ ನಿಲ್ಲಿಸಿದ, ಗ್ಲಾಡ್ವಿನ್ ನಿಲ್ಲಿಸಿದ. ಅಂಗಳದಲ್ಲಿ ಒಂದೇ ದನಿ ಉಳಿಯಿತು. ಪ್ರಾಕ್ಟೀಸಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದ, ಆದರೆ ಆಗೆಲ್ಲ ಅವನು ಬೀಟು ಎಣಿಸುತ್ತಿದ್ದ, ಏಸಿ ಹಾಡುತ್ತಿತ್ತು. ಈಗ ಅವನಿಗೂ ಆ ದನಿಗೂ ನಡುವೆ ಏನೂ ಇರಲಿಲ್ಲ. ಅದು ಮೆಟ್ಟಿಲಿಳಿದು ಬರುವ ಮಗುವಿನ ಹಾಗೆ ಒಂದೊಂದು ಸ್ವರದ ಮೇಲೆ ಎರಡೂ ಕಾಲು ಇಟ್ಟು, ನಿಂತು, ಮತ್ತೆ ಇಳಿಯುತ್ತಿತ್ತು. ಒಂದು ಕಡೆ ಸಣ್ಣಗೆ ನಡುಗಿ ಮೇಲಕ್ಕೆ ನೋಡಿತು. ಓಹೋ ಹೀಗೆ, ಎಂದುಕೊಂಡ ಕೊಗ್ಗ. ಹೀಗೆ ಹೋಗುವುದೋ ಇದು. ದೇವಸ್ಥಾನದ ಅಂಗಳದ ದೀವಟಿಗೆಯ ಬೆಳಕಿನಲ್ಲಿ ಕೆನ್ನೆ ಉಬ್ಬಿಸಿ ನಿಂತ ಅಣ್ಣನ ಮುಖ, ಬೆರಳುಗಳ ಓಟ, ಬೆವರು, ಎಲ್ಲ ಅವನಿಗೆ ಎಂದಿನ ಹಾಗೆ ಕಣ್ಣಿಗೆ ಬಂತು. ಆ ಬೆರಳುಗಳಿಗೆ ಈಗ ದನಿಯೂ ಇತ್ತು.

ಸಾಲು ಮುಗಿಯಿತು. ಕೊನೆಯ ಸ್ವರಕ್ಕೆ ಬಂದು ನಿಂತಿತು.

ಎಷ್ಟು ಚೆನ್ನಾಗಿ ನಿಂತಿದೆ, ಎಂದುಕೊಂಡ ಕೊಗ್ಗ.

ಸ್ವರ ನಿಂತೇ ಇತ್ತು. ಗ್ಲಾಡ್ವಿನ್ ಕೊಳಲಿನ ಮೇಲಿಂದ ಅವನ ಕಡೆ ಹುಬ್ಬು ಹಾರಿಸಿದ. ಅಜ್ಮಲ್ಲನ ಶೂಸು ನೆಲದ ಮೇಲೆ ಅವನ ಚಪ್ಪಲಿಯ ಹತ್ತಿರ ಸರಿಯಿತು. ಮುಂದಿನ ಸಾಲಿನ ಕುರ್ಚಿಯಲ್ಲಿ ವಾರಿಜಾಕ್ಷಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅಕ್ಷಯಾ ಯಾರನ್ನೂ ನೋಡಲಿಲ್ಲ. ಅವಳು ಆ ಒಂದೇ ಸ್ವರದ ಮೇಲೆ ನಿಂತಿದ್ದಳು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ, ಬಿಡಲೂ ಇಲ್ಲ. ಸ್ವರ ತೆಳ್ಳಗಾಗುತ್ತ ಬಂದರೂ ಕಡಿಯಲಿಲ್ಲ. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

ತಾನು ಸೇರಬೇಕಾಗಿದ್ದ ಜಾಗ ಇದೇ ಎಂದು ಕೊಗ್ಗನಿಗೆ ಗೊತ್ತಾಯಿತು. ಅವನು ಗಾಬರಿಯಾಗಲಿಲ್ಲ. ಬಾಗಿದ ಕೊಳವೆಯನ್ನು ತುಟಿಗೆ ತಂದು, ತೂತುಗಳ ಮೇಲೆ ಬೆರಳಿಟ್ಟು, ಎದೆಯಲ್ಲಿದ್ದಷ್ಟು ಗಾಳಿಯನ್ನು ಮೆಲ್ಲಗೆ ಅದರೊಳಗೆ ಬಿಟ್ಟ. ಸ್ವರ ನೆಲದಡಿಯಿಂದ ಬಂದು ಮಗಳ ಸ್ವರದ ಕೆಳಗೆ ಕೂತಿತು.

ಅದು ಸರಿಯಾಗಿ ಕೂತ ಮೇಲೆ ಅಕ್ಷಯಾ ತನ್ನ ಸ್ವರ ಬಿಟ್ಟಳು. ಅವಳ ಭುಜಗಳು ಮೇಲಕ್ಕೆ ಎದ್ದವು, ಅವಳು ಉಸಿರು ತೆಗೆದುಕೊಂಡಳು.